ಬ್ಯಾಟರಿ ಸತ್ತಿದೆ ಅಂದರು: ಮೇಗರವಳ್ಳಿ ಕಡೆಯ ಒಂದು ಕಾರಿನ ಪ್ರಕರಣ

ಪುಷ್ಯ ಮಳೆ ಹಿಡಿದು ಐದನೇ ದಿನ ರಾತ್ರಿ ಸೋದರಮಾವನ ಫೋನ್ ಬಂತು.

"ಎಂತ ಮಾಡ್ತಿದ್ದೀಯ ಮಾರಾಯ? ಕಾರು ಕೂತಿದೆ. ತೀರ್ಥಹಳ್ಳಿಯಲ್ಲಿ ತೋರಿಸ್ದೆ. ಬ್ಯಾಟರಿ ಸತ್ತಿದೆ, ಹೊಸದೇ ಹಾಕ್ಬೇಕು ಅಂದ್ರು. ಹಾಕ್ಸಿಬಿಡ್ಲಾ?"

"ಈಗಿರೋದನ್ನ ಹಾಕ್ಸಿ ಎಷ್ಟು ದಿನ ಆಯ್ತು ಮಾವ?"

"ಹೋದ ವರ್ಷ ಅಲ್ಲ, ಅದರ ಹಿಂದಿನ ನವರಾತ್ರಿಗೆ."

ಲೆಕ್ಕ ಹಾಕಿದರೆ 21 ತಿಂಗಳು. ಸಾಯುವ ವಯಸ್ಸಲ್ಲ. ಸಾಯಬಾರದು ಅಂತೇನೂ ಇಲ್ಲ, ಆದರೆ ಸುಮ್ನೆ ದುಡ್ಡು ಕೊಡುವ ಮೊದಲು ಒಮ್ಮೆ ನೋಡಬೇಕು ಅನ್ನಿಸಿತು. "ಎರಡು ದಿನ ತಡೀರಿ, ನಾನೇ ಬರ್ತೀನಿ" ಅಂದೆ.

ನಾನು ಶಿವಮೊಗ್ಗದಲ್ಲಿ ಆಟೋ ಎಲೆಕ್ಟ್ರಿಷಿಯನ್. 'ಬ್ಯಾಟರಿ ಹೋಗಿದೆ' ಎಂಬ ಮಾತು ಕೇಳದ ದಿನ ಇಲ್ಲ. ಎಷ್ಟೋ ಸಲ ಅದು ಹೋಗಿರುವುದಿಲ್ಲ, ಖಾಲಿಯಾಗಿರುತ್ತದೆ ಅಷ್ಟೇ. ಖಾಲಿಯಾಗಿದ್ದು ಬೇರೆ, ಹಾಳಾಗಿದ್ದು ಬೇರೆ. ಈ ಎರಡನ್ನೂ ಬೇರೆ ಮಾಡಿ ನೋಡುವುದಕ್ಕೆ ಮಾವನ ಕಾರಿಗೆ ನನಗೆ ಎರಡು ದಿನ ಬೇಕಾಯಿತು. ಅದರಲ್ಲಿ ಜಾಸ್ತಿ ಹೊತ್ತು ಕಾಯುವುದರಲ್ಲೇ ಹೋಯಿತು.

ಮೊದಲು ಆಗಿದ್ದೇನು

ಮಾವನ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ, ಮೇಗರವಳ್ಳಿ ದಾಟಿ ಒಳಗೆ. ಕಾರು ಏಳು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬ್ಯಾಟರಿ 12 ವೋಲ್ಟ್, 35 ಎಎಚ್ (ಆಂಪಿಯರ್-ಅವರ್, ಅಂದರೆ ಒಂದು ಆಂಪಿಯರ್‌ನಂತೆ ಎಳೆದರೆ 35 ಗಂಟೆ ಬರುವಷ್ಟು), ಮೇಲೆ ಆರು ಮುಚ್ಚಳ ಇರುವ ಮಾಮೂಲಿ ಆಸಿಡ್ ಬ್ಯಾಟರಿ. ಒಂದೊಂದು ಮುಚ್ಚಳದ ಕೆಳಗೆ ಒಂದೊಂದು ಸೆಲ್, ಅಂದರೆ ಬೇರೆ ಬೇರೆ ಕೋಣೆ. ಬೇಸಿಗೆಯಲ್ಲಿ ಕಾರು ದಿನಾ ಓಡುತ್ತದೆ. ಪೇಟೆ, ಸೊಸೈಟಿ, ಮದುವೆ ಮನೆ. ಮಳೆ ಜೋರಾದ ಮೇಲೆ ಮಾವ ಅಡಿಕೆ ತೋಟಕ್ಕೆ ಸಿಕ್ಕಿಹಾಕಿಕೊಳ್ಳುತ್ತಾರೆ. ಕೊಳೆರೋಗದ ಭಯ. ಮಳೆ ಒಂದು ಗಳಿಗೆ ಬಿಟ್ಟರೆ ಬೋರ್ಡೋ ಔಷಧಿ ಹೊಡೆಸುವ ಗಡಿಬಿಡಿ. ಕಾರು ಮಾಡಿನ ಕೆಳಗೆ ಸುಮ್ನೆ ನಿಂತಿರುತ್ತದೆ.

ಜುಲೈ ಮೊದಲ ವಾರ ಐದು ದಿನ ನಿಂತಿತ್ತು. ಆಗ ಸೆಲ್ಫ್ ಎಳೆದು ಎಳೆದು, ಕಷ್ಟಪಟ್ಟು ಸ್ಟಾರ್ಟ್ ಆಯಿತಂತೆ. "ಥಂಡಿಗೆ ಹಾಗೆ" ಅಂತ ಮಾವ ಬಿಟ್ಟರು. ಆಮೇಲೆ ಒಂಬತ್ತು ದಿನ ನಿಂತಿತು. ಕೀ ತಿರುಗಿಸಿದರೆ ಟಕ್ ಟಕ್ ಟಕ್, ಅಷ್ಟೇ. ಪಕ್ಕದ ಮನೆಯ ಪಿಕಪ್‌ನಿಂದ ಕೇಬಲ್ ಕೊಟ್ಟು ಎಬ್ಬಿಸಿದರು. ಕೊನೆಯ ಕ್ಲಿಪ್ ಹಾಕುವಾಗ 'ಚಟ್' ಅಂತ ಕಿಡಿ ಹಾರಿತಂತೆ. ಹಾಗೇ ತೀರ್ಥಹಳ್ಳಿಗೆ ಓಡಿಸಿದರು. ಅಲ್ಲಿ ಒಂದು ಅಂಗಡಿಯಲ್ಲಿ ಲೋಡ್ ಟೆಸ್ಟರ್ ಒತ್ತಿದರು. ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆದು ತಡೆಯುತ್ತದಾ ಅಂತ ನೋಡುವ ಮೀಟರ್ ಅದು. ಮುಳ್ಳು ಕೆಂಪಿಗೆ ಬಿತ್ತು. ತೀರ್ಪು ಬಂತು.

ಆ ಅಂಗಡಿಯವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಖಾಲಿ ಬ್ಯಾಟರಿಗೆ ಲೋಡ್ ಕೊಟ್ಟರೆ ಮುಳ್ಳು ಬೀಳಲೇಬೇಕು. ಮೂರು ದಿನ ಉಪವಾಸ ಇದ್ದವನ ತಲೆ ಮೇಲೆ ಗೊಬ್ಬರದ ಮೂಟೆ ಇಟ್ಟು, ಇವನಿಗೆ ಕೈಲಾಗಲ್ಲ ಅಂದ ಹಾಗೆ. ಮೊದಲು ಊಟ ಹಾಕಿ, ಆಮೇಲೆ ಹೊರಿಸಿ ನೋಡಬೇಕಲ್ವಾ?

ಲೈಟರ್

ಶನಿವಾರ ಮಧ್ಯಾಹ್ನ ಹೊರಟೆ. ಗಾಜನೂರು, ಮಂಡಗದ್ದೆ ದಾಟುವಾಗ ತುಂಗೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಆಗುಂಬೆ ಅಂದರೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಸೀಮೆ. ಮನೆ ತಲುಪುವಾಗ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಕರೆಂಟ್ ಎರಡು ದಿನದಿಂದ ಇರಲಿಲ್ಲ.

ನಾನು ಬರುವ ಸ್ವಲ್ಪ ಮೊದಲು ಮಾವ ಪಿಕಪ್ ಕರೆಸಿ ಮತ್ತೆ ಕಾರು ಸ್ಟಾರ್ಟ್ ಮಾಡಿಸಿ, ಹತ್ತು ನಿಮಿಷ ಇಂಜಿನ್ ಓಡಿಸಿಟ್ಟಿದ್ದರು. ನನಗೆ ಅನುಕೂಲ ಆಗಲಿ ಅಂತ. ಕಾರು ನಿಂತಿದ್ದ ಮಾಡಿಗೂ ಬಚ್ಚಲಿಗೂ ನಡುವೆ ಎದೆಯೆತ್ತರದ ಒಂದು ಗೋಡೆ ಮಾತ್ರ. ಮಳೆಗಾಲದಲ್ಲಿ ಬಚ್ಚಲ ಒಲೆ ಆರುವುದೇ ಇಲ್ಲ ಅಂತ ನಿಮಗೆ ಗೊತ್ತು. ಹಂಡೆ ಕೆಳಗೆ ಒಂದು ಕುಂಟೆ ಸದಾ ಉರಿಯುತ್ತಿರುತ್ತದೆ.

ನಾನು ಚೀಲ ಇಳಿಸುವಷ್ಟರಲ್ಲಿ ಮಾವ ಬಾನೆಟ್ ಎತ್ತಿ, ಬ್ಯಾಟರಿಯ ಒಂದು ಮುಚ್ಚಳ ತಿರುಗಿಸಿ ತೆಗೆದರು. "ಒಳಗೆ ನೀರೆಷ್ಟಿದೆ ನೋಡಣ, ಕತ್ತಲೆ" ಅಂತ ಜೇಬಿಗೆ ಕೈ ಹಾಕಿ ಲೈಟರ್ ತೆಗೆದರು. ಮುಖ ಬ್ಯಾಟರಿಯ ಮೇಲೇ ಬಗ್ಗಿತ್ತು.

ನಾನು ಓಡಿ ಹೋಗಿ ಕೈ ಹಿಡಿದುಕೊಂಡೆ. ಹಿರಿಯರ ಕೈ ಹಾಗೆ ಹಿಡಿದಿದ್ದು ಅದೇ ಮೊದಲು.

ಬ್ಯಾಟರಿ ಚಾರ್ಜ್ ಆಗುವಾಗ ಒಳಗಿನ ನೀರು ಒಡೆದು ಹೈಡ್ರೋಜನ್ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿಯಲ್ಲಿ 100ಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಮುಚ್ಚಳದ ಕೆಳಗಿನ ಸಣ್ಣ ಜಾಗದಲ್ಲಿ ಅಷ್ಟು ಸೇರುವುದು ಕಷ್ಟವಲ್ಲ. ಆ ಬ್ಯಾಟರಿಗೆ ಒಂದು ಗಂಟೆ ಮುಂಚೆಯಷ್ಟೇ ಚಾರ್ಜ್ ಹೋಗಿತ್ತು. ಸಿಡಿದರೆ ಪ್ಲಾಸ್ಟಿಕ್ ಚೂರಿನ ಜೊತೆ ಗಂಧಕಾಮ್ಲ ಮುಖಕ್ಕೆ ಎರಚುತ್ತದೆ. ಕಣ್ಣು ಅಲ್ಲೇ ಇರುತ್ತದೆ, ಬಗ್ಗಿ ನೋಡುತ್ತಾ.

ಕೇಬಲ್ ಕೊಡುವಾಗ ಹಾರಿದ ಕಿಡಿಯೂ ಇದೇ ಲೆಕ್ಕ. ಆ 'ಚಟ್' ಆಗಿದ್ದು ಬ್ಯಾಟರಿಯ ಮೈನಸ್ ಮೇಲೆ. ಕ್ರಮ ಹೀಗೆ: ಕೆಂಪು ಮೊದಲು ಖಾಲಿ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಒಳ್ಳೆ ಬ್ಯಾಟರಿಯ ಮೈನಸ್‌ಗೆ. ಕೊನೆಯ ಕಪ್ಪು ಕ್ಲಿಪ್ ಮಾತ್ರ ಖಾಲಿ ಬ್ಯಾಟರಿಗೆ ಹಾಕಬಾರದು. ಅದೇ ಕಾರಿನ ಇಂಜಿನ್ನಿನ ದಪ್ಪ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ ಹಾಕಬೇಕು. ಕಿಡಿ ಹಾರುವುದಾದರೆ ಅಲ್ಲಿ ಹಾರಲಿ.

ಮೂವರು ಸೇರಿ ಕಾರನ್ನು ಅಂಗಳದ ತಗಡಿನ ಚಪ್ಪರಕ್ಕೆ ತಳ್ಳಿದೆವು. ಮೂರು ಕಡೆ ಬಯಲು, ಗಾಳಿ ಆಡುತ್ತದೆ. ಕನ್ನಡಕ, ರಬ್ಬರ್ ಗ್ಲೌಸ್ ಹಾಕಿಕೊಂಡೆ. ವಾಚ್ ತೆಗೆದಿಟ್ಟೆ.

"ಉಂಗುರ ತೆಗೀರಿ ಮಾವ."

"ಇದು ಬರಲ್ಲ ಮಾರಾಯ. ಮದುವೆ ದಿನ ಹಾಕಿದ್ದು."

"ಹಾಗಾದ್ರೆ ನೀವು ಟಾರ್ಚ್ ಹಿಡ್ಕೊಂಡು ದೂರ ನಿಂತ್ಕೊಳ್ಳಿ."

12 ವೋಲ್ಟ್ ಶಾಕ್ ಹೊಡೆಯುವುದಿಲ್ಲ. ಅದಕ್ಕೇ ಜನಕ್ಕೆ ಹೆದರಿಕೆ ಇಲ್ಲ. ಆದರೆ ಪ್ಲಸ್ ಮೇಲಿನ ಸ್ಪ್ಯಾನರ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿದರೆ ಅದರೊಳಗೆ ನೂರಾರು ಆಂಪಿಯರ್ ಹರಿಯುತ್ತದೆ. ಚಿನ್ನ ಕೆಂಪಗೆ ಕಾಯುತ್ತದೆ. ಬೆರಳಿಂದ ತೆಗೆಯಲೂ ಆಗುವುದಿಲ್ಲ. ಇದೇ ಕಾರಣಕ್ಕೆ ಬಿಚ್ಚುವಾಗ ಮೊದಲು ಮೈನಸ್. ಮೈನಸ್ ಬಿಚ್ಚಿಟ್ಟ ಮೇಲೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ. ಹಾಕುವಾಗ ಉಲ್ಟಾ, ಮೈನಸ್ ಕೊನೆಗೆ.

ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಳ್ಳಿ ಅಂತ ಶಿವಮೊಗ್ಗದಲ್ಲಾದರೆ ಹೇಳುತ್ತೇನೆ. ಅಲ್ಲಿ ತಗಡಿನ ಅಂಚಿಂದ ನೀರು ಧಾರೆಯಾಗಿ ಬೀಳುತ್ತಿತ್ತು. ಆದರೂ ಅತ್ತೆ ಒಂದು ಕೊಡಪಾನ ಬಾವಿನೀರು ತಂದಿಟ್ಟರು. ಕಣ್ಣಿಗೆ ಆಸಿಡ್ ಬಿದ್ದರೆ ಚೊಕ್ಕ ನೀರಲ್ಲಿ ಹದಿನೈದು ನಿಮಿಷಕ್ಕೆ ಕಡಿಮೆ ಇಲ್ಲದಂತೆ ತೊಳೆದು, ಆಮೇಲೆ ಡಾಕ್ಟರ ಹತ್ತಿರ ಓಡಬೇಕು. ಉಜ್ಜಬಾರದು.

ಕಣ್ಣಿಗೆ ಕಂಡಿದ್ದು

ಪೆಟ್ಟಿಗೆ ಉಬ್ಬಿಲ್ಲ, ಸೀಳಿಲ್ಲ. ಉಬ್ಬಿದ್ದರೆ, ಸೋರುತ್ತಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ನಾನು ಮೀಟರ್ ತೆಗೆಯುವುದೇ ಇಲ್ಲ, ಬದಲಾಯಿಸಿ ಅಂತ ಹೇಳಿಬಿಡುತ್ತೇನೆ. ಇಲ್ಲಿ ಪ್ಲಸ್ ಟರ್ಮಿನಲ್ ಮೇಲೆ ಮಾತ್ರ ನೀಲಿ-ಹಸಿರು ಹಿಟ್ಟು ಕಟ್ಟಿತ್ತು.

"ಇದು ಮೈಲುತುತ್ತದ ಹಾಗೇ ಇದೆಯಲ್ಲೋ" ಅಂದರು ಮಾವ.

ಹಾಗೇ ಅಲ್ಲ, ಅದೇ. ಆಸಿಡ್ ಹಬೆ ಕ್ಲಾಂಪಿನ (ಬ್ಯಾಟರಿಗೆ ವೈರು ಬಿಗಿಯುವ ಹಿಡಿಕೆಯ) ತಾಮ್ರಕ್ಕೆ ತಾಗಿದರೆ ಆಗುವುದು ತಾಮ್ರದ ಸಲ್ಫೇಟ್. ಸುಣ್ಣದ ಜೊತೆ ಕಲಸಿ ಅಡಿಕೆ ಗೊನೆಗೆ ಹೊಡೆಯುವುದೂ ಅದನ್ನೇ. ಮಾವನಿಗೆ ಇದು ಭಾರಿ ಖುಷಿ ಕೊಟ್ಟಿತು. ಆಮೇಲೆ ಬಂದವರಿಗೆಲ್ಲ ಹೇಳಿದರು. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ನೊರೆ ಬಂದು ಹೋಯಿತು. ಸೋಡ ನೀರು ಮುಚ್ಚಳದೊಳಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ಒಳಗೆ ಹೋದರೆ ಅದು ಅಲ್ಲಿನ ಆಸಿಡ್ಡನ್ನೇ ತಿನ್ನುತ್ತದೆ.

ಸುಳ್ಳು ಹೇಳಿದ ಮೀಟರ್

ಮಲ್ಟಿಮೀಟರ್ ಡಿಸಿ 20 ವೋಲ್ಟಿಗೆ ಇಟ್ಟು, ಕೆಂಪು ಪ್ಲಸ್‌ಗೆ, ಕಪ್ಪು ಮೈನಸ್‌ಗೆ. 12.52.

"ಹನ್ನೆರಡೂವರೆ ಇದೆ. ಮತ್ತೆಂತ ಸತ್ತಿದ್ದು?" ಅಂದರು ಮಾವ.

ಎಷ್ಟೋ ಜನ ಇಲ್ಲೇ ನಿಲ್ಲಿಸುತ್ತಾರೆ. ಪೂರ್ತಿ ತುಂಬಿದ ಬ್ಯಾಟರಿ, ಏನೂ ಕೆಲಸ ಮಾಡದೆ ಕೂತಿದ್ದಾಗ, 12.6ರಿಂದ 12.7 ತೋರಿಸಬೇಕು. 12.4 ಅಂದರೆ ಮುಕ್ಕಾಲು. 12.2 ಅರ್ಧ. 12.0 ಕಾಲು ಭಾಗ. 12 ವೋಲ್ಟ್ ಬ್ಯಾಟರಿಯಲ್ಲಿ 12 ಇದ್ದರೆ ಸರಿಯಾಗಿದೆ ಅಂದುಕೊಳ್ಳುವುದು ಅದಕ್ಕೇ ತಪ್ಪು. ಆ ಲೆಕ್ಕದಲ್ಲಿ 12.52 ಚೆನ್ನಾಗಿಯೇ ಇತ್ತು. ಆದರೆ 'ಕೂತಿದ್ದಾಗ' ಎನ್ನುವ ಮಾತು ಮುಖ್ಯ. ಈಗಷ್ಟೇ ಇಂಜಿನ್ ಓಡಿದ ಬ್ಯಾಟರಿಯಲ್ಲಿ ಪ್ಲೇಟುಗಳ ಮೇಲ್ಮೈಯಲ್ಲಿ ಮಾತ್ರ ಒಂದಿಷ್ಟು ಚಾರ್ಜ್ ಹತ್ತಿರುತ್ತದೆ. ಮೀಟರ್ ಅದನ್ನೇ ನೋಡುತ್ತದೆ. ಒಂದು ರಾತ್ರಿ ಬಿಟ್ಟು ನೋಡುವುದು ಒಳ್ಳೆಯದು. ಪುರುಸೊತ್ತಿಲ್ಲದಿದ್ದರೆ ಹೆಡ್‌ಲೈಟ್ ಎರಡು ನಿಮಿಷ ಉರಿಸಿ, ಆರಿಸಿ, ಹತ್ತು ನಿಮಿಷ ಬಿಟ್ಟು ನೋಡಬೇಕು.

ಹಾಗೆ ಮಾಡಿದೆ. ಎರಡನೇ ನಿಮಿಷಕ್ಕೆ ಹೆಡ್‌ಲೈಟ್ ಲಾಟೀನಿನ ಬಣ್ಣಕ್ಕೆ ತಿರುಗಿತು. ಆರಿಸಿ, ಅತ್ತೆ ಕೊಟ್ಟ ಕಷಾಯ ಕುಡಿದು ಬಂದು ನೋಡಿದರೆ 11.91. ಹೆಚ್ಚುಕಮ್ಮಿ ಖಾಲಿ.

ಈಗ ಗ್ರ್ಯಾವಿಟಿ, ಅಂದರೆ ಒಳಗಿನ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಳತೆ. ಹೈಡ್ರೋಮೀಟರ್ ಅಂದರೆ ಗಾಜಿನ ಕೊಳವೆ, ಮೇಲೆ ರಬ್ಬರ್ ಬುರುಡೆ, ಒಳಗೆ ತೇಲುವ ಒಂದು ಕಡ್ಡಿ. ಆಸಿಡ್ ದಪ್ಪ ಇದ್ದಷ್ಟೂ ಕಡ್ಡಿ ಮೇಲೆ ತೇಲುತ್ತದೆ. ಬ್ಯಾಟರಿ ಖಾಲಿಯಾದಂತೆ ಆಸಿಡ್ಡಿನ ಗಂಧಕ ಪ್ಲೇಟಿಗೆ ಹೋಗಿ, ಉಳಿದಿದ್ದು ನೀರಾಗುತ್ತಾ ಹೋಗುತ್ತದೆ. ಕಡ್ಡಿ ಮುಳುಗುತ್ತದೆ. ನಮ್ಮ ಕಡೆಯ ಬ್ಯಾಟರಿಗಳಲ್ಲಿ ತುಂಬಿದಾಗ 1.240ರ ಆಸುಪಾಸು ಇರುತ್ತದೆ. ಅಂಗಡಿಯಲ್ಲಿ 'ಹನ್ನೆರಡು ನಲವತ್ತು' ಅನ್ನುತ್ತೇವೆ. ಕಣ್ಣು ಕಡ್ಡಿಯ ನೇರಕ್ಕೆ ತಂದು ಓದಬೇಕು. ಕೊಳವೆಯನ್ನು ಆ ಸೆಲ್ಲಿನ ಬಾಯಿಂದ ಆಚೆ ತರಬಾರದು. ಒಂದು ಹನಿ ಅಂಗಿಗೆ ಬಿದ್ದರೆ ಆಗ ಗೊತ್ತಾಗುವುದಿಲ್ಲ. ಒಗೆದ ಮೇಲೆ ತೂತು ಕಾಣುತ್ತದೆ.

ಆರು ಸೆಲ್ಲುಗಳೂ 1.120 ಮತ್ತು 1.135ರ ನಡುವೆ ಇದ್ದವು. ಎಲ್ಲವೂ ಕಡಿಮೆ, ಆದರೆ ಎಲ್ಲವೂ ಸಮ. ನನಗೆ ಮೊದಲ ಅನುಮಾನ ಬಂದಿದ್ದು ಇಲ್ಲೇ. ಒಂದು ಸೆಲ್ ಹೋಗಿದ್ದರೆ ಅದು ಉಳಿದವುಗಳಿಂದ 0.050ರಷ್ಟಾದರೂ ದೂರ ನಿಲ್ಲುತ್ತದೆ. ಐದು ಮಕ್ಕಳು ಓದಿ ಒಬ್ಬ ಫೇಲಾದ ಹಾಗೆ ಕಾಣುತ್ತದೆ. ಇಲ್ಲಿ ಆರೂ ಜನ ಒಟ್ಟಿಗೆ ಹಸಿದಿದ್ದರು. ಅಂದರೆ ಯಾರೋ ಊಟ ಕದಿಯುತ್ತಿದ್ದಾರೆ, ಇಲ್ಲ ಊಟವೇ ಬರುತ್ತಿಲ್ಲ.

ಮುಚ್ಚಳ ಇಲ್ಲದ ಸೀಲ್ಡ್ ಬ್ಯಾಟರಿಗೆ ಈ ಪರೀಕ್ಷೆ ಮಾಡಲಾಗುವುದಿಲ್ಲ. ಕೆಲವದರ ಮೇಲೆ ಹಸಿರು ಕಣ್ಣು ಇರುತ್ತದೆ. ಅದು ಒಂದೇ ಸೆಲ್ಲಿನ ಸುದ್ದಿ ಹೇಳುತ್ತದೆ. ಉಳಿದ ಐದರದ್ದು ಅದಕ್ಕೆ ಗೊತ್ತಿಲ್ಲ.

ನೀರಿನ ಮಟ್ಟ ಎರಡು ಸೆಲ್ಲುಗಳಲ್ಲಿ ಪ್ಲೇಟಿನ ಮಟ್ಟಕ್ಕೆ ಇಳಿದಿತ್ತು. ಅತ್ತೆ ಒಂದು ಬಾಟಲಿ ತಂದರು. ಹೋದ ವರ್ಷ ಹಂಚಿನಿಂದ ಇಳಿದ ಮಳೆನೀರು ಸೋಸಿ ಇಟ್ಟಿದ್ದು. "ಮಳೆನೀರಿಗಿಂತ ಚೊಕ್ಕ ಇದೆಯಾ?" ಹಂಚಿನ ಪಾಚಿ, ಒಲೆ ಮಸಿ, ಕೋತಿ ಮಾಡಿದ್ದು ಎಲ್ಲ ತೊಳೆದುಕೊಂಡು ಬಂದ ನೀರು ಅದು. ಹೇಳಲು ಬೇಜಾರಾಯಿತು. ನಾನು ತಂದ ಡಿಸ್ಟಿಲ್ಡ್ ವಾಟರ್ ಪ್ಲೇಟ್ ಮುಚ್ಚುವಷ್ಟು ಮಾತ್ರ ಹಾಕಿದೆ. ಚಾರ್ಜ್ ಆಗುವಾಗ ಮಟ್ಟ ಏರುತ್ತದೆ. ಪೂರ್ತಿ ತುಂಬಿಸುವುದು ಚಾರ್ಜ್ ಮುಗಿದ ಮೇಲೆ.

ಊಟ, ನಿದ್ದೆ, ಪರೀಕ್ಷೆ

ರಾತ್ರಿ ಒಂಬತ್ತೂವರೆಗೆ ಕರೆಂಟ್ ಬಂತು. ಬ್ಯಾಟರಿ ಬಿಚ್ಚಿ ಜಗಲಿಯ ತುದಿಗೆ ತಂದು, ಚಾರ್ಜರ್ ಕ್ಲಿಪ್ ಹಾಕಿ, ಆಮೇಲೆ ಸ್ವಿಚ್ ಒತ್ತಿದೆ. ತೆಗೆಯುವಾಗ ಮೊದಲು ಸ್ವಿಚ್, ಆಮೇಲೆ ಕ್ಲಿಪ್. ಇಟ್ಟಿದ್ದು 3.5 ಆಂಪಿಯರ್. 35 ಎಎಚ್‌ನ ಹತ್ತನೇ ಒಂದು ಭಾಗ. ಜಾಸ್ತಿ ಕೊಟ್ಟರೆ ಬೇಗ ಆಗುತ್ತದೆ ನಿಜ, ಆದರೆ ಬಿಸಿಯೂ ಆಗುತ್ತದೆ. ರಾತ್ರಿ ಎರಡಕ್ಕೆ ಕರೆಂಟ್ ಹೋಯಿತು. ಬೆಳಗ್ಗೆ ಎಂಟಕ್ಕೆ ಬಂತು. ಭಾನುವಾರ ಮಧ್ಯಾಹ್ನ ಎರಡರ ಮೇಲೆ ಗಂಟೆಗೊಮ್ಮೆ ಗ್ರ್ಯಾವಿಟಿ ನೋಡಿದೆ. ಮೂರು ಸಲ ಅಷ್ಟೇ ಬಂತು. ಹೊಟ್ಟೆ ತುಂಬಿದೆ ಎಂದು ಅರ್ಥ. ಸೆಲ್ಲಿನಿಂದ ಸೆಲ್ಲಿಗೆ 1.240, 1.245, 1.235, 1.240, 1.245, 1.240.

ಎಷ್ಟೋ ದಿನ ಖಾಲಿ ಬಿಟ್ಟ ಬ್ಯಾಟರಿಯಲ್ಲಿ ಪ್ಲೇಟಿಗೆ ಹೋದ ಗಂಧಕ ಗಟ್ಟಿ ಹರಳಾಗಿ ಕೂತುಬಿಡುತ್ತದೆ. ಎಷ್ಟು ಚಾರ್ಜ್ ಕೊಟ್ಟರೂ ವಾಪಸ್ ಬರುವುದಿಲ್ಲ. ಆಗ ಗ್ರ್ಯಾವಿಟಿ 1.200ರ ಹತ್ತಿರವೇ ಎಲ್ಲೋ ನಿಂತುಬಿಡುತ್ತದೆ. ಇಲ್ಲಿ ವಾಪಸ್ ಬಂದಿತ್ತು. ಮಾವ ಬೇಗ ಫೋನ್ ಮಾಡಿದ್ದು ಒಳ್ಳೆಯದಾಯಿತು.

ಸೋಮವಾರ ಬೆಳಗ್ಗೆ ಏಳಕ್ಕೆ, ರಾತ್ರಿಯಿಡೀ ಸುಮ್ನೆ ಕೂತಿದ್ದ ಬ್ಯಾಟರಿ 12.66 ತೋರಿಸಿತು. ಕಾರಿಗೆ ಹಾಕಿ, ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತಿಟ್ಟೆ. ಇಂಜಿನ್ ಸ್ಟಾರ್ಟ್ ಆಗದೆ ಸೆಲ್ಫ್ ಮಾತ್ರ ತಿರುಗಲಿ ಅಂತ. ಮಾವ ಕೀ ತಿರುಗಿಸಿದರು, ನಾನು ಮೀಟರ್ ಹಿಡಿದೆ. ಹತ್ತು ಸೆಕೆಂಡ್. ಪ್ರೋಬ್ ಇಡಬೇಕಾದದ್ದು ಕ್ಲಾಂಪಿನ ಮೇಲಲ್ಲ, ಒಳಗಿನ ಸೀಸದ ಕಂಬದ ಮೇಲೆ. ಇಲ್ಲದಿದ್ದರೆ ಕ್ಲಾಂಪಿನ ತಪ್ಪೂ ಬ್ಯಾಟರಿಯ ತಲೆಗೆ ಬರುತ್ತದೆ. 9.6ಕ್ಕಿಂತ ಕೆಳಗೆ ಹೋಗಬಾರದು. ಇದು 10.5ಕ್ಕೆ ಇಳಿದು ಅಲ್ಲೇ ನಿಂತಿತು, ಅಲ್ಲಾಡಲಿಲ್ಲ. ಫ್ಯೂಸ್ ಹಾಕಿ ಇಂಜಿನ್ ಓಡಿಸಿದೆ. ಇಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ 14.2 ಕೊಡುತ್ತಿತ್ತು, ಲೈಟ್ ಹಾಕಿದರೆ 13.9. ಊಟ ಸರಿಯಾಗಿಯೇ ಬರುತ್ತಿದೆ.

"ಹಾಗಾದ್ರೆ ಬ್ಯಾಟರಿ ಚೆನ್ನಾಗಿದೆ?"

"ಬ್ಯಾಟರಿ ಚೆನ್ನಾಗಿದೆ ಮಾವ. ಹೊಸದು ಹಾಕ್ಸಿದ್ರೆ ಅದೂ ಒಂಬತ್ತು ದಿನಕ್ಕೆ ಸಾಯ್ತಿತ್ತು."

ಬೆಚ್ಚಗಿದ್ದ ಡಬ್ಬಿ

ಕಾರು ಮಲಗಿದ್ದಾಗ ಎಷ್ಟು ಕರೆಂಟ್ ಸೋರುತ್ತದೆ ಅಂತ ನೋಡಲು ಮೀಟರನ್ನು ದಾರಿಯ ನಡುವೆ ಕೂರಿಸಬೇಕು. ಮೈನಸ್ ಕ್ಲಾಂಪ್ ಬಿಚ್ಚಿ, ಒಂದು ಪ್ರೋಬ್ ಕಂಬಕ್ಕೆ, ಇನ್ನೊಂದು ಕ್ಲಾಂಪಿಗೆ. ಕೆಂಪು ವೈರು 10 ಆಂಪಿಯರ್ ತೂತಿಗೆ.

ಈ 10 ಆಂಪಿಯರ್ ತೂತಿನ ಬಗ್ಗೆ ಒಂದು ಮಾತು. ನಾನು ಕೆಲಸ ಕಲಿಯುವ ಕಾಲದಲ್ಲಿ, ಹೀಗೇ ಸೋರಿಕೆ ನೋಡಿ, ವೈರನ್ನು ಅದೇ ತೂತಲ್ಲಿ ಬಿಟ್ಟು, ಮುಂದಿನ ಕಾರಿನ ವೋಲ್ಟೇಜ್ ನೋಡಲು ಎರಡೂ ಪ್ರೋಬ್ ನೇರ ಪ್ಲಸ್-ಮೈನಸ್‌ಗೆ ಇಟ್ಟೆ. ಆ ತೂತಲ್ಲಿದ್ದಾಗ ಮೀಟರ್ ಒಂದು ದಪ್ಪ ತಂತಿ ಇದ್ದ ಹಾಗೆ, ಅಷ್ಟೇ. ಪ್ರೋಬಿನ ತುದಿ ಪಟಾಕಿಯಂತೆ ಹಾರಿತು. ಸೀಸದ ಕಂಬದ ಮೇಲೆ ಜೋಳದಷ್ಟು ಹಳ್ಳ ಬಿತ್ತು. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಒಳಗೆ ಫ್ಯೂಸ್ ಕೂಡ ಇರುವುದಿಲ್ಲ. ಅವತ್ತಿನಿಂದ ಕರೆಂಟ್ ನೋಡಿ ಮುಗಿದ ಕೂಡಲೇ ವೈರು ವಾಪಸ್ ವೋಲ್ಟಿನ ತೂತಿಗೆ ಹಾಕಿ, ಆಮೇಲೆ ಉಸಿರು ಬಿಡುತ್ತೇನೆ. ಮತ್ತೆ, ಮೀಟರ್ ಹೀಗೆ ನಡುವೆ ಇದ್ದಾಗ ಯಾರೂ ಕೀ ತಿರುಗಿಸಬಾರದು. ಸೆಲ್ಫ್ ನೂರು ಆಂಪಿಯರ್ ಮೇಲೆ ಎಳೆಯುತ್ತದೆ. ಕೀ ತೆಗೆದು ನನ್ನ ಜೇಬಿಗೆ ಹಾಕಿಕೊಂಡೆ.

ಮೊದಲು 0.9 ಆಂಪಿಯರ್. ಹೆದರಬೇಕಿಲ್ಲ. ಬಾಗಿಲು ಮುಚ್ಚಿದ ಮೇಲೂ ಕಾರಿನ ಎಲೆಕ್ಟ್ರಾನಿಕ್ಸ್ ಸ್ವಲ್ಪ ಹೊತ್ತು ಎಚ್ಚರ ಇರುತ್ತದೆ. ಅರ್ಧ ಗಂಟೆ ಕಾದೆವು. ಇಳಿದು 0.19ಕ್ಕೆ ನಿಂತಿತು. ನಿಲ್ಲಬೇಕಾದದ್ದು 0.05ರ ಒಳಗೆ.

0.19 ಅಂದರೆ ಏನೂ ಇಲ್ಲ ಅನ್ನಿಸುತ್ತದೆ. 24 ಗಂಟೆಗೆ ಗುಣಿಸಿ: ದಿನಕ್ಕೆ 4.56 ಎಎಚ್. 35ನ್ನು ಅದರಿಂದ ಭಾಗಿಸಿದರೆ ಹತ್ತಿರ ಹತ್ತಿರ ಏಳೂಮುಕ್ಕಾಲು ದಿನ. ಐದು ದಿನ ನಿಂತಾಗ ಸೆಲ್ಫ್ ಎಳೆದಿದ್ದು, ಒಂಬತ್ತು ದಿನಕ್ಕೆ ಪೂರ್ತಿ ಕೂತಿದ್ದು, ಬೇಸಿಗೆಯಲ್ಲಿ ದಿನಾ ಓಡುವಾಗ ಯಾರಿಗೂ ಗೊತ್ತಾಗದಿದ್ದದ್ದು, ಎಲ್ಲ ಸರಿಹೊಂದಿತು. ಮಾವ ಅಡಿಕೆ ಲೆಕ್ಕದ ಪುಸ್ತಕದ ಹಿಂದೆ ಬರೆದು ಇನ್ನೊಂದು ಸಲ ಗುಣಿಸಿ ನೋಡಿದರು.

ಇಂಜಿನ್ ಪಕ್ಕದ ಪೆಟ್ಟಿಗೆಯಿಂದ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಕಿತ್ತಾಗ ಯಾವುದಕ್ಕೆ ಅಂಕಿ ಇಳಿಯುತ್ತದೋ ಆ ದಾರಿಯಲ್ಲಿ ಕಳ್ಳ. ಯಾವುದಕ್ಕೂ ಇಳಿಯಲಿಲ್ಲ. ಒಳಗಿನ ಪೆಟ್ಟಿಗೆಯೂ ಆಯಿತು. ಬಾಗಿಲು ತೆರೆದರೆ ಕಾರು ಮತ್ತೆ ಏಳುತ್ತದೆ, ಅದಕ್ಕೆ ಬಾಗಿಲಿನ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿ, ಮತ್ತೆ ಕಾದು ನೋಡಿದೆ. 0.19, 0.19, 0.19. ಒಂದು ಗಂಟೆ ಹೋಯಿತು. ಅಂದರೆ ಕಳ್ಳ ಕಂಪನಿ ವೈರಿಂಗಿನಲ್ಲೇ ಇಲ್ಲ.

ಆಗ ಕೈಯಲ್ಲಿ ಮುಟ್ಟಿ ನೋಡುತ್ತಾ ಹೋದೆ. ಆ ಥಂಡಿಯಲ್ಲಿ ಬಾನೆಟ್ಟಿನೊಳಗೆ ಎಲ್ಲವೂ ತಣ್ಣಗೆ, ಒದ್ದೆ ಒದ್ದೆ. ಬ್ಯಾಟರಿಯ ಹಿಂದೆ, ಬಾಡಿಗೆ ಒಂದು ಸ್ಕ್ರೂ ಹೊಡೆದು ಕೂರಿಸಿದ್ದ ಪುಟ್ಟ ಕಪ್ಪು ರಿಲೇ, ಸಣ್ಣ ಸ್ವಿಚ್ಚಿನಿಂದ ದೊಡ್ಡ ಕರೆಂಟ್ ಹಾಕಿ ತೆಗೆಯುವ ಡಬ್ಬಿ. ಅದು ಮಾತ್ರ ಬೆಚ್ಚಗಿತ್ತು. ಕೋಳಿ ಎದ್ದು ಹೋದ ಮೇಲೆ ಮೊಟ್ಟೆ ಇರುತ್ತದಲ್ಲ, ಹಾಗೆ. ಅದರ ಸಂದಿಯಲ್ಲಿ ಇರುವೆಗಳು ಬಿಳಿ ಮೊಟ್ಟೆ ತಂದು ಸೇರಿಸಿಕೊಂಡಿದ್ದವು. ಅವುಗಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

"ಮಾವ, ಇದು ಎಂಥದ್ದು?"

ಮಾವ ಸ್ವಲ್ಪ ಹೊತ್ತು ನೋಡಿದರು. "ಅದು... ಫಾಗ್ ಲ್ಯಾಂಪಿಂದಲ್ವಾ?"

ನಾಲ್ಕು ವರ್ಷದ ಹಿಂದೆ ಆಗುಂಬೆ ಮಂಜಿಗೆ ಅಂತ ಹಳದಿ ಲ್ಯಾಂಪ್ ಹಾಕಿಸಿದ್ದರು. ಒಂದು ರಾತ್ರಿ ಕಾಡುಹಂದಿ ಅಡ್ಡ ಬಂದು ಬಂಪರ್ ಸಮೇತ ಎರಡೂ ಹೋದವು. ಹೊಸ ಬಂಪರ್ ಬಂತು, ಲ್ಯಾಂಪ್ ಮತ್ತೆ ಹಾಕಿಸಲಿಲ್ಲ. ವೈರಿನ ತುದಿಗೆ ಟೇಪ್ ಸುತ್ತಿ ಒಳಗೆ ತುರುಕಿದ್ದರು. ರಿಲೇ ಉಳಿಯಿತು. ಸ್ಟೀರಿಂಗ್ ಕೆಳಗಿನ ಸ್ವಿಚ್ಚೂ ಉಳಿಯಿತು. ಹಾಕಿದವರು ಕರೆಂಟನ್ನು ಕೀಯಿಂದ ತೆಗೆಯದೆ ಬ್ಯಾಟರಿಯ ಪ್ಲಸ್‌ನಿಂದಲೇ ನೇರ ಎಳೆದಿದ್ದರು. ಸುಲಭದ ಕೆಲಸ, ನಮ್ಮವರು ಜಾಸ್ತಿ ಮಾಡುವುದೂ ಅದನ್ನೇ. ಸ್ವಿಚ್ ಆನ್ ಇದ್ದರೆ, ಉರಿಯಲು ಲ್ಯಾಂಪ್ ಇಲ್ಲದಿದ್ದರೂ, ರಿಲೇಯ ಒಳಗಿನ ಕಾಯಿಲ್ ಹಗಲೂ ರಾತ್ರಿ ಕರೆಂಟ್ ಕುಡಿಯುತ್ತದೆ.

ಬಗ್ಗಿ ನೋಡಿದೆ. ಸ್ವಿಚ್ ಆನ್ ಇತ್ತು. ಅದರ ಕೆಂಪು ದೀಪ ಯಾವತ್ತೋ ಸುಟ್ಟು ಹೋಗಿತ್ತು. ಆಫ್ ಮಾಡಿದೆ. ಚಪ್ಪರದಿಂದ ಮಾವ ಕೂಗಿದರು: "ಸೊನ್ನೆ ಪಾಯಿಂಟ್ ಸೊನ್ನೆ ಎರಡು!"

ಆನ್ ಮಾಡಿದವರು ಯಾರು ಎಂಬ ಪ್ರಶ್ನೆ ಊಟದ ಹೊತ್ತಿಗೆ ಬಗೆಹರಿಯಿತು. ಅತ್ತೆ ಬೆಂಗಳೂರಿಗೆ ಫೋನ್ ಹಚ್ಚಿದರು. ಬೇಸಿಗೆ ರಜೆಗೆ ಬಂದಿದ್ದ ಆರು ವರ್ಷದ ಮೊಮ್ಮಗಳು ಮುಚ್ಚುಮರೆ ಇಲ್ಲದೆ ಹೇಳಿದಳು: "ಅಜ್ಜ, ಅದು ರಾಕೆಟ್ ಬಟನ್."

ರಿಲೇ, ಸ್ವಿಚ್, ವೈರು ಎಲ್ಲ ಕಿತ್ತು ತೆಗೆದೆ. ಇರುವೆಗಳನ್ನು ಅತ್ತೆ ಒಂದು ಎಲೆ ಮೇಲೆ ಎತ್ತಿ ಅಡಿಕೆ ಮರದ ಬುಡಕ್ಕೆ ಬಿಟ್ಟರು. ಟರ್ಮಿನಲ್ಲಿಗೆ ಒಂಚೂರು ವ್ಯಾಸಲೀನ್ ಹಚ್ಚಿ, ನನ್ನ ಹಳೇ ಮೀಟರನ್ನು ಮಾವನಿಗೆ ಕೊಟ್ಟು ಬಂದೆ. 10 ಆಂಪಿಯರ್ ತೂತಿಗೆ ಮೇಣ ತುಂಬಿಸಿ ಕೊಟ್ಟೆ.

ಆಶ್ಲೇಷ ಮಳೆಗೆ ಕಾರು ಮತ್ತೆ ಹತ್ತು ದಿನ ನಿಂತಿತು. ಹನ್ನೊಂದನೇ ದಿನ ಬೆಳಗ್ಗೆ ಫೋನ್.

"12.54 ಇದೆ. ಒಂದೇ ಸೆಲ್ಫಿಗೆ ಸ್ಟಾರ್ಟ್."

"ಕನ್ನಡಕ ಹಾಕ್ಕೊಂಡಿದ್ರಾ ಮಾವ?"

"ಹಾಕ್ಕೊಂಡಿದ್ದೆ. ಅದಿಲ್ದೆ ಮೀಟರ್ ಎಲ್ಲಿ ಕಾಣತ್ತೆ?"

"ಲೈಟರ್?"

"ಒಳಗಿದೆ, ದೇವರ ಕೋಣೆಯಲ್ಲಿ."

"ಉಂಗುರ?"

ಆ ಕಡೆಯಿಂದ ತಗಡಿನ ಮೇಲೆ ಮಳೆ ಬೀಳುವ ಸದ್ದು ಮಾತ್ರ ಕೇಳಿತು.